ಎಡಗಾಲಿನ ಕಬ್ಬಿಣದ ಮೇಲೆ ಮೂಡಿದ ಗೆರೆ

ನನ್ನ ಫೋನಿನಲ್ಲಿ ಮೂರು ಫೋಟೋಗಳಿವೆ. ಅಳಿಸಿಲ್ಲ, ಅಳಿಸುವುದೂ ಇಲ್ಲ. ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಯಾರಿಗಾದರೂ ಬೇರೇನೋ ತೋರಿಸಲು ಹೋಗಿ ಬೆರಳು ಜಾರಿದರೆ ಇವೇ ಎದುರಿಗೆ ಬರುತ್ತವೆ. ಬೂದು ಬಣ್ಣದ ಹಣೆಯಂಥದ್ದು, ಅದರ ಮೇಲೆ ಮೂರು ವಿಭೂತಿ ಪಟ್ಟೆ, ಪಟ್ಟೆಗಳ ನಡುವೆ ಒಂದು ಕೆಂಪು ಗೆರೆ. ನೋಡಿದವರು ಕಣ್ಣಿಗೊತ್ತಿಕೊಂಡು ಯಾವ ಊರಿನ ದೇವರು ಎಂದು ಕೇಳುತ್ತಾರೆ. ನನ್ನ ಅತ್ತಿಗೆಯಂತೂ ತನಗೂ ಕಳಿಸು ಎಂದು ಹಟ ಹಿಡಿದಿದ್ದಳು. ಅದು ದೇವರಲ್ಲ ಕಣೇ, ತೆಂಗಿನ ಮರ ಹತ್ತುವ ಯಂತ್ರದಲ್ಲಿ ಎಡಗಾಲು ಇಡುವ ಕಬ್ಬಿಣ ಎಂದು ಹೇಳಿದ ಮೇಲೆ ಸುಮ್ಮನಾದಳು.

ನಾನು ಬೇಲೂರಿನಲ್ಲಿ ಹುಟ್ಟಿ, ಹಾಸನದಲ್ಲಿ ಡಿಪ್ಲೊಮಾ ಓದಿ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅರಸೀಕೆರೆಯ ಒಂದು ವರ್ಕ್‌ಶಾಪಿನಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿರುವವಳು. ಕಾಯಿ ಸುಲಿಯುವ ಯಂತ್ರ, ಕೊಬ್ಬರಿ ಹೋಳು ಮಾಡುವ ಯಂತ್ರ, ಇಂಥವು. ಮೇಡಮ್ಮಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಪಿನಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಗಂಡಸರೇ ತುಂಬಿದ ಕಡೆ ಮೆತ್ತಗೆ ಕೂತರೆ ನಕ್ಷೆಯ ಮೇಲೆ ಟೀ ಲೋಟ ಇಟ್ಟು ಹೋಗುತ್ತಾರೆ. ಜೋರು ಮಾಡಿ ಮಾಡಿ ಅದೇ ನನ್ನ ದನಿಯಾಗಿ ಹೋಯಿತು. ಆ ದನಿಯಿಂದ ಒಂದು ಜೀವ ಹೋಗುವುದರಲ್ಲಿತ್ತು.

ಮರ ಹತ್ತುವ ಯಂತ್ರ ನಾನೇ ಹಟ ಹಿಡಿದು ಮಾಡಿದ್ದು. ಅದರ ರಚನೆ ಸರಳ. ಮರವನ್ನು ಸುತ್ತುವ ಎರಡು ಉಕ್ಕಿನ ತಂತಿ, ಒಂದೊಂದಕ್ಕೂ ಒಂದೊಂದು ಪೆಡಲು. ಭಾರ ಊರಿದ ಕಾಲಿನ ತಂತಿ ಮರವನ್ನು ಬಿಗಿಯಾಗಿ ಹಿಡಿಯುತ್ತದೆ, ಎತ್ತಿದ ಕಾಲಿನದು ಸಡಿಲವಾಗಿ ಮೇಲಕ್ಕೆ ಬರುತ್ತದೆ. ಹೀಗೆ ಒಂದೊಂದೇ ಕಾಲು ಎತ್ತಿಡುತ್ತಾ ಮರದ ತಲೆಯವರೆಗೆ ಹೋಗಬಹುದು. ನಮ್ಮದು ಒಂದೇ ಒಂದು ಮಾದರಿ ತಯಾರಾಗಿತ್ತು. ಅದನ್ನು ದೊಡ್ಡ ಕಂಪನಿಯೊಂದು ಕೊಂಡು ಮಾರುವ ಮಾತಾಗಿತ್ತು, ಮೊದಲು ಒಂದು ಪಟ್ಟಿ ತುಂಬಿ ಕಳಿಸಿ ಎಂದಿದ್ದರು.

ಆ ಪಟ್ಟಿ ನನಗೆ ಬಲು ಇಷ್ಟವಾಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಯಂತ್ರದ ಒಂದೊಂದು ಭಾಗಕ್ಕೂ ಒಂದೊಂದು ಸಾಲು. ಇದು ಹೇಗೆ ಕೆಡಬಹುದು? ಕೆಟ್ಟರೆ ಎಷ್ಟು ಅನಾಹುತ? ಎಷ್ಟು ಸಲ ಕೆಡಬಹುದು? ಕೊನೆಯ ಕಾಲಮ್ಮು ಪತ್ತೆಯದು. ಅನಾಹುತ ಆಗುವ ಮುಂಚೆ, ಯಂತ್ರ ನಮ್ಮ ಕೈಯಲ್ಲಿರುವಾಗಲೇ, ಕೆಡುಕು ನಮ್ಮ ಕಣ್ಣಿಗೆ ಬೀಳುತ್ತದೆಯೇ? ಖಂಡಿತ ಬೀಳುತ್ತದೆ ಎಂದರೆ ಒಂದು. ಬೀಳುವ ದಾರಿಯೇ ಇಲ್ಲ ಎಂದರೆ ಹತ್ತು.

ಎಡಗಾಲಿನ ಪೆಡಲಿನ ಬೆಸುಗೆ ಬಿರುಕು ಬಿಡಬಹುದು ಎಂಬ ಸಾಲಿನಲ್ಲಿ ಅನಾಹುತಕ್ಕೆ ಹತ್ತು ಹಾಕಿದ್ದೆ, ಪತ್ತೆಗೆ ಎರಡು. ಮರಳು ಮೂಟೆ ಹೇರಿ ಪರೀಕ್ಷೆ ಮಾಡುತ್ತೇವೆ, ಬೆಸುಗೆಯವನು ನೋಡುತ್ತಾನೆ, ನಾನು ನೋಡುತ್ತೇನೆ ಎಂದು ಕಾರಣ ಬರೆದಿದ್ದೆ. ನಮ್ಮ ಯಜಮಾನರು, ಅಂದರೆ ಶಾಪಿನ ಮಾಲೀಕರು, ಕನ್ನಡಕ ಏರಿಸಿ ನೋಡಿದರು.

"ಏನಮ್ಮಾ ಇದು, ಹತ್ತಕ್ಕೆ ಎರಡು? ಫೇಲಲ್ವಾ?"

"ಸಾರ್, ಇದು ಸ್ಕೂಲ್ ಮಾರ್ಕ್ಸ್ ಅಲ್ಲ. ಕಮ್ಮಿ ಇದ್ದಷ್ಟೂ ಒಳ್ಳೇದು."

"ಎಂಥ ಕಂಪನೀನಮ್ಮಾ ಇವ್ರು! ಕಮ್ಮಿ ಇದ್ರೆ ಒಳ್ಳೇದಂತೆ," ಎಂದು ನಕ್ಕು, ಎಂದಿನಂತೆ ಬೇಲೂರಿನ ಕಪ್ಪೆಯ ಕತೆ ಶುರು ಮಾಡಿದರು. ವಿಗ್ರಹಕ್ಕೆ ಗಂಧ ಹಚ್ಚಿದರಂತೆ, ಎಲ್ಲ ಕಡೆ ಒಣಗಿ ಒಂದು ಕಡೆ ಮಾತ್ರ ಒಣಗಲಿಲ್ಲವಂತೆ, ಒಳಗೆ ಕಪ್ಪೆ ಇತ್ತಂತೆ. ಬೇಲೂರಿನವಳಿಗೇ ಬೇಲೂರಿನ ಕತೆ! ಲೆಕ್ಕ ಹಾಕಿದರೆ ಸಾವಿರ ಸಲ ಕೇಳಿದ್ದೇನೆ. ಅವರ ಬಾಯಿ ನಿಲ್ಲುವವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಮಾದರಿಯನ್ನು ಅರಸೀಕೆರೆ ಪಕ್ಕದ ತೋಟದಲ್ಲಿ ಎರಡು ದಿನ ಹತ್ತಿಸಿ ನೋಡಿದ್ದೆವು. ಹತ್ತಿದವರು ಹಗರೆ ಎಂಬ ಊರಿನ ಒಬ್ಬ ಕಾಯಿ ಕೆಡವುವವರು. ಹುಟ್ಟಿದಾಗಿನಿಂದ ಮರದ ಮೇಲೇ ಇದ್ದವರು, ವಯಸ್ಸು ಅರವತ್ತರ ಹತ್ತಿರ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಮ್ಮೋರೇ ಎನ್ನುತ್ತಿದ್ದರು. ಕಬ್ಬಿಣದ ಮೇಲೆ ಕಾಲಿಡುವ ಮೊದಲು ಅವರದೊಂದು ಪದ್ಧತಿ. ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಬೆರಳು ಒದ್ದೆ ಮಾಡಿ ತಿಕ್ಕಿ, ಮೂರು ಬೆರಳಿನಲ್ಲಿ ತಮ್ಮ ಹಣೆಗೆ, ಮರಕ್ಕೆ, ಕೊನೆಗೆ ಪೆಡಲಿಗೆ ಎಳೆಯುವರು. "ಕಾಲ್ ಮಡಗ್ತೀನಿ, ತಪ್ಪು ತಿಳ್ಕಬ್ಯಾಡ ಕಣಪ್ಪ," ಎಂದು ಕಬ್ಬಿಣಕ್ಕೆ ಹೇಳಿ ಆಮೇಲೆ ಹತ್ತುವರು. ಎರಡು ದಿನವೂ ಏನೂ ತೊಂದರೆಯಾಗಲಿಲ್ಲ.

ಅದಾದ ಮೇಲಿನ ಶುಕ್ರವಾರ ಯಜಮಾನರ ತಾಯಿ, ನಮಗೆಲ್ಲ ದೊಡ್ಡಮ್ಮನವರು, ಶಾಪಿಗೆ ಪೂಜೆಗೆ ಬಂದರು. ಕೊಬ್ಬರಿ ಎಣ್ಣೆಯಲ್ಲಿ ಕುಂಕುಮ ಕಲಸಿ, ಲೇತು, ಡ್ರಿಲ್ಲು, ಕೊನೆಗೆ ನನ್ನ ಮಾದರಿ, ಒಂದನ್ನೂ ಬಿಡದೆ ಮೆತ್ತಿದರು. ಬೆಸುಗೆ ಕಾಣಲಿ ಎಂದು ನಾನು ಮಾದರಿಗೆ ಬಣ್ಣವನ್ನೇ ಹೊಡೆಸಿರಲಿಲ್ಲ. ಅದರ ಮೇಲೆ ಎಣ್ಣೆ ಸುರಿಯುತ್ತಿದೆ! ಹಿರಿಯರ ಮುಂದೆ ಹಲ್ಲು ಕಚ್ಚಿಕೊಂಡು ಪ್ರಸಾದ ತಿಂದೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಯಂತ್ರ ಒರೆಸುವ ನೂಲಿನ ಉಂಡೆ, ಕಾಟನ್ ವೇಸ್ಟ್, ಹಿಡಿದು, ಒಂದು ಚುಕ್ಕೆ ಕೆಂಪೂ ಉಳಿಯದ ಹಾಗೆ ತಿಕ್ಕಿ ತಿಕ್ಕಿ ಒರೆಸಿದೆ. ಫಳಫಳ ಹೊಳೆಯಿತು.

ಅವತ್ತು ಪರೀಕ್ಷೆ ಹಳೇಬೀಡಿನಲ್ಲಿ. ಮಾದಿಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಯಜಮಾನರ ನೆಂಟರ ತೋಟ. ಹಳೆಯ ಮರಗಳು, ಬಲು ಎತ್ತರ. ಲಗೇಜ್ ಆಟೋದವನು ನನ್ನನ್ನೂ ಅಣ್ಣನನ್ನೂ ಯಂತ್ರವನ್ನೂ ಇಳಿಸಿ, ಸಂಜೆ ಬರುತ್ತೇನೆ ಎಂದು ಹೋದ. ಹನ್ನೊಂದು ಗಂಟೆಯ ಬಿಸಿಲು. ತೆಂಗಿನ ತೋಟ ಎಂದರೆ ಗರಿಯ ಸದ್ದು ಇರಲೇಬೇಕು. ಅವತ್ತು ಇರಲಿಲ್ಲ. ಒಂದು ಗರಿಯೂ ಅಲುಗುತ್ತಿರಲಿಲ್ಲ, ಕಾಗೆ ಕೂಗಲಿಲ್ಲ. ನಾನು ಕೆಮ್ಮಿದರೆ ಪಕ್ಕದಲ್ಲಿ ಬೇರೆ ಯಾರೋ ಕೆಮ್ಮಿದಂತೆ ಕೇಳಿ ತಿರುಗಿ ನೋಡಿದೆ. ಬದುವಿನಲ್ಲಿ ಹಳೆಯ ಕೆತ್ತನೆಯ ಕಲ್ಲುಗಳನ್ನು ಒಟ್ಟಿದ್ದರು, ಆ ಊರಿನಲ್ಲಿ ಅದೇನು ಹೊಸದಲ್ಲ. ಒಂದು ಕಲ್ಲಿನಲ್ಲಿ ಹೆಂಗಸಿನ ಕಾಲು ಮಾತ್ರ ಉಳಿದಿತ್ತು, ಗೆಜ್ಜೆ ಸಮೇತ, ಮೊಣಕಾಲಿನವರೆಗೆ. ಎಡಗಾಲು. ಅದರ ಪಕ್ಕ ನನ್ನ ಚೀಲ ಇಟ್ಟು ಕೂತೆ.

ಅಣ್ಣ ಸೊಂಟಕ್ಕೆ ತಮ್ಮ ಹಳೆಯ ಹಗ್ಗದ ಬಳೆ ಸಿಕ್ಕಿಸಿಕೊಂಡಿದ್ದರು. ಯಂತ್ರವಿಲ್ಲದ ಕಾಲದಲ್ಲಿ ಎರಡು ಪಾದಕ್ಕೂ ಹಾಕಿಕೊಂಡು ಮರ ಹತ್ತುತ್ತಿದ್ದ ಬಳೆ ಅದು.

"ಏನಣ್ಣಾ, ಹೊಸ ಸೊಸೆ ಮನೆಗೆ ಬಂದ್ಮೇಲೂ ಹಳೇದನ್ನ ಸೊಂಟದಲ್ಲೇ ಇಟ್ಕೊಂಡಿದ್ದೀರಲ್ಲ?" ಎಂದು ರೇಗಿಸಿದೆ.

"ಅದು ಅಂಗೇ ಇರ್ಲಿ ಬುಡಿ. ಇಲ್ದಿದ್ರೆ ಸೊಂಟ ಬರಿದು ಅನ್ನಿಸ್ತೈತೆ," ಎಂದು ನಕ್ಕರು.

ಯಂತ್ರವನ್ನು ಮರಕ್ಕೆ ಕಟ್ಟಿದೆವು. ಅವರು ವಿಭೂತಿ ತಿಕ್ಕಿ ಹಣೆಗೆ, ಮರಕ್ಕೆ, ಎಡಗಾಲಿನ ಪೆಡಲನ್ನು ಬೆಸೆದ ಕೀಲಿಗೆ ಎಳೆದು, ಬೀಡಿ ಸೇದಲು ಅತ್ತ ಹೋದರು. ಬಿಸಿಲಿಗೆ ಪಟ್ಟೆಗಳು ಒಣಗಿ ಬೆಳ್ಳಗಾದವು. ಬೀಡಿ ಮುಗಿಸಿ ಬಂದವರು ಪೆಡಲಿನ ಮೇಲೆ ಕಾಲೆತ್ತಿದರು, ಹಾಗೇ ಇಳಿಸಿದರು.

"ಮೇಡಮ್ಮೋರೇ, ಇಲ್ನೋಡಿ ವಸಿ."

ಬಿಳಿ ಪಟ್ಟೆಯ ನಡುವೆ ಒಂದು ಕೆಂಪು ಗೆರೆ. ಅಕ್ಕಿಕಾಳಿನಷ್ಟುದ್ದ, ಕೂದಲಿನಷ್ಟು ತೆಳು. ನಾವು ನೋಡುತ್ತಿದ್ದ ಹಾಗೆಯೇ ಅಂಚು ಕೊಂಚ ಒದ್ದೆಯಾಗಿ ಹರಡಿತು.

"ಕಬ್ಬಿಣ ರಕ್ತ ಬುಡ್ತಾ ಐತೆ," ಎಂದರು. ದನಿ ಸಣ್ಣಗಿತ್ತು. "ಇವತ್ತು ಬ್ಯಾಡ ಮೇಡಮ್ಮೋರೇ. ನಾಳೀಕೆ ಬತ್ತೀನಿ."

ನನಗೆ ಎಲ್ಲಿತ್ತೋ ಕೋಪ. "ರಕ್ತನೂ ಇಲ್ಲ, ಗಿಕ್ತನೂ ಇಲ್ಲ. ಶುಕ್ರವಾರ ದೊಡ್ಡಮ್ಮನವರು ಕುಂಕುಮ ಮೆತ್ತಿದ್ರಲ್ಲ, ಅದು. ಎಣ್ಣೇಲಿ ಕಲಸಿದ್ದು, ಸಂದೀಲಿ ಉಳ್ಕೊಂಡಿದೆ, ಅಷ್ಟೇ."

"ಸಂದಿ ಎಲ್ಲೈತೆ? ಬೆಸ್ದವ್ರಲ್ಲ ಅಲ್ಲಿ?"

ಈ ಪ್ರಶ್ನೆ ನನಗೆ ಕೇಳಿಸಿತು. ಇವತ್ತಿಗೂ ಅವರ ದನಿಯಲ್ಲೇ ಕೇಳಿಸುತ್ತದೆ. ಅವತ್ತು ಅದಕ್ಕೆ ಉತ್ತರ ಕೊಡಬೇಕು ಎಂದು ನನಗೆ ಅನ್ನಿಸಲೇ ಇಲ್ಲ. ಫೋನು ತೆಗೆದು ಒಂದು ಫೋಟೋ ಹೊಡೆದೆ, ಕಾಟನ್ ವೇಸ್ಟಿನಲ್ಲಿ ವಿಭೂತಿ, ಗೆರೆ ಎಲ್ಲವನ್ನೂ ಒರೆಸಿದೆ. "ನೋಡಿ, ಏನಿದೆ?" ಎಂದೆ. ಏನೂ ಇರಲಿಲ್ಲ. ಅವರು ಕಬ್ಬಿಣವನ್ನೂ ನನ್ನ ಮುಖವನ್ನೂ ನೋಡಿ, ಆಯ್ತು ಬುಡಿ ಎಂದು ಹತ್ತಿದರು. ನಾನು ಪುಸ್ತಕದಲ್ಲಿ ಬರೆದೆ: ಹತ್ತುವವರಿಗೆ ಮೂಢನಂಬಿಕೆ, ತರಬೇತಿ ಬೇಕು. ಆ ಹಾಳೆಯೂ ನನ್ನ ಹತ್ತಿರ ಇದೆ.

ಹತ್ತಿದರು, ಕಾಯಿ ಕೆಡವಿದರು, ಇಳಿದರು. ನನ್ನ ಮುಖದಲ್ಲಿ ಗೆದ್ದವಳ ನಗೆ ಇದ್ದಿರಬೇಕು. ಎರಡನೇ ಮರಕ್ಕೆ ಕಟ್ಟಿದೆವು. ಅವರು ಮತ್ತೆ ವಿಭೂತಿ ಎಳೆದರು, ಈ ಸಲ ಅತ್ತಿತ್ತ ಹೋಗದೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ನಾನೂ ಪಕ್ಕದಲ್ಲಿ ಬಗ್ಗಿ ನಿಂತೆ. ಪಟ್ಟೆ ಒಣಗಿತು, ಬೆಳ್ಳಗಾಯಿತು. ಆಮೇಲೆ ಅದೇ ಜಾಗದಲ್ಲಿ, ಒಳಗಿನಿಂದ ಯಾರೋ ಸೂಜಿಯಲ್ಲಿ ಬರೆದ ಹಾಗೆ, ಗೆರೆ ಮೂಡಿತು.

ನನ್ನ ಕತ್ತಿನ ಹಿಂದೆ ಕೂದಲು ನಿಂತವು. ಹೆದರಿದೆ ಎಂದು ಈಗ ಹೇಳುತ್ತೇನೆ, ಆಗ ಹೇಳಲಿಲ್ಲ. ಹೆದರಿಕೆ ಬಂದಾಗಲೆಲ್ಲ ಕೂಗಾಡುವುದು ನನ್ನ ಚಾಳಿ. "ಎಷ್ಟು ಎಣ್ಣೆ ಸುರಿದಿದ್ದಾರೋ ಮಹಾತಾಯಿ!" ಎಂದು ಕೂಗಿ, ಫೋಟೋ ಹೊಡೆದು, ಮತ್ತೆ ಒರೆಸಿದೆ. ವೇಸ್ಟಿಗೆ ಕೆಂಪು ಹತ್ತಿತು.

"ಓಯ್ತಾ?" ಎಂದರು ಅಣ್ಣ.

"ಹೋಯ್ತು."

"ನೀವು ನೋಡಿದ್ರಾ?"

"ನೋಡ್ದೆ ಕಣಣ್ಣಾ, ಹೋಯ್ತು. ಹತ್ತಿ."

ಎರಡನೇ ಮರವೂ ಆಯಿತು. ಮೂರನೇ ಮರ ಎಲ್ಲಕ್ಕಿಂತ ಎತ್ತರದ್ದು, ಬದುವಿನ ಪಕ್ಕದಲ್ಲೇ ಇತ್ತು. ಅಲ್ಲೂ ವಿಭೂತಿ, ಅಲ್ಲೂ ಗೆರೆ. ಮೂರನೇ ಫೋಟೋ ಹೊಡೆದೆ, ಒರೆಸಿದೆ. ಅವರು ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು.

ನಾನು ಗೆಜ್ಜೆ ಪಾದದ ಕಲ್ಲಿನ ಪಕ್ಕ ಕೂತು ಫೋನು ತೆಗೆದೆ. ಮನಸ್ಸು ತಡೆಯಲಿಲ್ಲ. ಮೊದಲನೇ ಫೋಟೋ: ಅಕ್ಕಿಕಾಳಿನಷ್ಟು, ಒಂದೇ ಪಟ್ಟೆಯೊಳಗೆ. ಎರಡನೆಯದು: ಒಂದು ಪಟ್ಟೆ ದಾಟಿ ಇನ್ನೊಂದರೊಳಗೆ. ಮೂರನೆಯದು: ಮೂರೂ ಪಟ್ಟೆ ದಾಟಿ ಕೀಲಿನ ಆ ತುದಿಗೆ. ಮತ್ತೆ ಮೊದಲನೆಯದಕ್ಕೆ ಹೋದೆ. ಮತ್ತೆ ಮೂರನೆಯದು. ಸಂದಿಯಲ್ಲಿ ಉಳಿದ ಕುಂಕುಮ ಒರೆಸಿದಷ್ಟೂ ಕಮ್ಮಿಯಾಗಬೇಕು. ಇದು ಬೆಳೆಯುತ್ತಿತ್ತು.

ಆಗ ನೆನಪಾಯಿತು. ಎಷ್ಟು ವರ್ಷದ ಹಿಂದೆಯೋ ಕಾಲೇಜಿನ ಲ್ಯಾಬಿನಲ್ಲಿ ಕಬ್ಬಿಣದ ತುಂಡಿಗೆ ಕೆಂಪು ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಉದುರಿಸಿದ್ದೆವು. ಕಣ್ಣಿಗೆ ಕಾಣದ ಬಿರುಕು ಇದ್ದರೆ ಅದು ಕೆಂಪನ್ನು ಕುಡಿದಿಟ್ಟುಕೊಂಡಿರುತ್ತದೆ, ಬಿಳಿ ಪುಡಿ ಅದನ್ನು ಹೊರಗೆ ಎಳೆಯುತ್ತದೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬಂದು ಬರೆದಿದ್ದೆ ಕೂಡ. ಎಣ್ಣೆಯ ಕುಂಕುಮ, ನನ್ನ ಕಾಟನ್ ವೇಸ್ಟು, ಅಣ್ಣನ ವಿಭೂತಿ. ಯಾರೂ ಹೇಳಿಕೊಡದೆ ಮೂರೂ ಸಾಲಾಗಿ ನಡೆದಿದ್ದವು. ಕಬ್ಬಿಣ ಮೂರು ಸಲ ಹೇಳಿತ್ತು, ಅಯ್ಯೋ ನನ್ನ ಬುದ್ಧಿಗಿಷ್ಟು, ಮೂರು ಸಲವೂ ಒರೆಸಿದ್ದೆ. ಕಪ್ಪೆಯ ಕತೆ ಸಾವಿರ ಸಲ ಕೇಳಿದ ಬೇಲೂರಿನವಳು.

ತಲೆಯೆತ್ತಿದೆ. ಅಣ್ಣ ಮರದ ತುದಿಯಲ್ಲಿದ್ದರು. ಇಡೀ ಮೈಯ ಭಾರ ಎಡಗಾಲಿನ ಮೇಲೆ ಬಿಟ್ಟು, ಬಲಗೈಯಲ್ಲಿ ಗೊನೆ ಕಡಿಯಲು ಪಕ್ಕಕ್ಕೆ ತಿರುಗುತ್ತಿದ್ದರು. ತಿರುಗುತ್ತಿದ್ದರು! ಮರಳು ಮೂಟೆ ಯಾವತ್ತಾದರೂ ಪಕ್ಕಕ್ಕೆ ತಿರುಗಿ ಗೊನೆ ಕಡಿದಿದೆಯೇ?

ಜೋರಾಗಿ ಕೂಗಿದರೆ ಬೆಚ್ಚಿ ಇನ್ನಷ್ಟು ಭಾರ ಬಿಡುತ್ತಾರೆ. ಕೂಗದಿದ್ದರೆ ಅದೇ ಕಾಲಿನ ಮೇಲೆ ಇಳಿಯುತ್ತಾರೆ. ಮರದ ಬುಡಕ್ಕೆ ಹೋಗಿ ನಿಂತೆ. ಇಷ್ಟು ವರ್ಷ ಜೋರು ಮಾಡಿದ ದನಿಯನ್ನು ಹೇಗೆ ಮೆತ್ತಗೆ ಮಾಡಬೇಕೆಂದು ಗೊತ್ತಾಗಲಿಲ್ಲ.

"ಅಣ್ಣಾ."

"ಏನ್ ಮೇಡಮ್ಮೋರೇ?"

"ಕೆಲಸ ನಿಲ್ಲಿಸಿ. ಗರಿಯ ಮಟ್ಟೆ ಹಿಡ್ಕೊಂಡು ಮರದ ತಲೆಯೊಳಗೆ ಹತ್ತಿ ಕೂತ್ಕೊಳ್ಳಿ. ಬಲಗಾಲಲ್ಲಿ. ಎಡಗಾಲು ಊರಬೇಡಿ."

ಯಾಕೆ ಎಂದು ಅವರು ಕೇಳಲಿಲ್ಲ. ಮಚ್ಚನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಮಟ್ಟೆಗಳ ಬುಡ ತಬ್ಬಿ, ಮೈ ಮೇಲಕ್ಕೆಳೆದುಕೊಂಡರು. ಬಲಗಾಲು ಬಿಡಿಸಿಕೊಂಡಿತು. ಎಡಗಾಲು ಬಿಡಿಸುವಾಗ ಪೆಡಲನ್ನು ಒಂದಿಷ್ಟು, ಇಷ್ಟೇ ಇಷ್ಟು, ಒತ್ತಿರಬೇಕು.

ನೆಟಿಕೆ ಮುರಿದಂಥ ಒಂದು ಸದ್ದು ಬಂತು. ಅಷ್ಟು ಎತ್ತರದಿಂದ ಬಂದರೂ ನನ್ನ ಕಿವಿಯ ಪಕ್ಕದಲ್ಲೇ ಆದಂತಿತ್ತು. ಪೆಡಲು ಕೀಲಿನಿಂದ ತಿರುಚಿಕೊಂಡು, ಒಂದು ಅಂಚಿನಲ್ಲಿ ಮಾತ್ರ ಅಂಟಿಕೊಂಡು, ಕೆಳಮುಖವಾಗಿ ಜೋತುಬಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಅಣ್ಣ ಗರಿಗಳ ನಡುವೆ ಕೂತಿದ್ದರು, ನನಗೆ ಅವರ ಎರಡು ಪಾದ ಮಾತ್ರ ಕಾಣುತ್ತಿದ್ದವು.

ಎಷ್ಟು ಹೊತ್ತಿನ ಮೇಲೋ ಆ ಹಳೆಯ ಹಗ್ಗದ ಬಳೆಯನ್ನು ಪಾದಕ್ಕೆ ಹಾಕಿಕೊಂಡು ಇಳಿಯತೊಡಗಿದರು. ನಾನು ಪ್ರತಿ ಗೇಣನ್ನೂ ಎಣಿಸುತ್ತಾ ನಿಂತಿದ್ದೆ. ನೆಲ ಮುಟ್ಟಿದಾಗ ಅವರ ಕಾಲು ಹಿಡಿದುಕೊಂಡು ಅತ್ತೆ. ನಾಚಿಕೆಯಾಗಲಿಲ್ಲ. "ಎದ್ದೇಳಿ ಮೇಡಮ್ಮೋರೇ, ಯಾರಾದ್ರೂ ನೋಡಿಯಾರು," ಎಂದು ಅವರೇ ಸಂಕೋಚಪಟ್ಟುಕೊಂಡರು. ಮೇಲೆ ಯಂತ್ರ ಒಂಟಿಯಾಗಿ ಮರವನ್ನು ತಬ್ಬಿಕೊಂಡಿತ್ತು. ಗಾಳಿಯೇ ಇಲ್ಲದೆ ಮುರಿದ ಪೆಡಲು ಇನ್ನೂ ಆಡುತ್ತಿತ್ತು. ಅದು ನಿಲ್ಲುವವರೆಗೆ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.

ನೀರು ಕುಡಿದ ಮೇಲೆ ಕೇಳಿದೆ. "ಅಣ್ಣಾ, ಮೊದಲನೇ ಮರದಲ್ಲೇ ಬೇಡ ಅಂದ್ರಿ. ಮೂರನೇದು ಯಾಕೆ ಹತ್ತಿದ್ರಿ?"

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು.

"ನೀವು ಒರೆಸಿದ್ರಲ್ಲ ಮೇಡಮ್ಮೋರೇ. ಓದಿರೋರು. ನೀವು ಒರೆಸಿದ್ ಮ್ಯಾಲೆ ಓಗಿರ್ತೈತೆ ಅಂದ್ಕಂಡೆ."

ಅದರಲ್ಲಿ ಒಂದು ಚೂರೂ ವ್ಯಂಗ್ಯವಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಮುರಿದ ತುಂಡನ್ನು ಮೇಜಿನ ಮೇಲಿಟ್ಟು ನೋಡಿದೆವು. ಬೆಸುಗೆಯವನ ಕೈಯಲ್ಲಿ ತಪ್ಪಿರಲಿಲ್ಲ, ಪಾಪ, ಅವನು ಅನ್ನ ನೀರು ಬಿಟ್ಟು ಕೂತಿದ್ದ. ಕಬ್ಬಿಣ ಬಾಗುವ ಕಡೆಯೇ ಕೀಲು ಬರುವ ಹಾಗೆ ನಕ್ಷೆಯಲ್ಲಿ ಗೆರೆ ಎಳೆದದ್ದು ನಾನು. ಬಿರುಕು ಹುಟ್ಟಿದ್ದು ನನ್ನ ಪೆನ್ಸಿಲಿನಲ್ಲಿ. ಆ ಉದ್ದನೆಯ ಪಟ್ಟಿಯಲ್ಲಿ ಬೆಸುಗೆ ತಪ್ಪಾದರೆ ಹೇಗೆ ಪತ್ತೆ ಎಂದು ಬರೆದಿದ್ದೆ, ನನ್ನ ಗೆರೆ ತಪ್ಪಾದರೆ ಹೇಗೆ ಪತ್ತೆ ಎಂದು ಬರೆದಿರಲಿಲ್ಲ. ಪತ್ತೆಯ ಕಾಲಮ್ಮಿನಲ್ಲಿದ್ದ ಎರಡು ಎಂಬುದನ್ನು ಹೊಡೆದುಹಾಕಿ ಹತ್ತು ಎಂದು ಬರೆದೆ. ಕಾರಣದ ಕಡೆ ಬರೆದೆ: ಕಾಣಿಸುತ್ತದೆ, ಆದರೆ ನೋಡಿದವರು ಒರೆಸುತ್ತಾರೆ.

ಯಜಮಾನರು ಕನ್ನಡಕ ಏರಿಸಿ ಓದಿದರು. ಈ ಸಲ ಮಾರ್ಕ್ಸಿನ ಮಾತೆತ್ತಲಿಲ್ಲ. "ಇದನ್ನ ಕಳ್ಸಿದ್ರೆ ಕಂಪನಿಯೋರು ಒಪ್ತಾರೇನಮ್ಮಾ?" ಎಂದರು. "ಒಪ್ಪಬಾರದು ಸಾರ್," ಎಂದೆ. ಕಳಿಸಿದೆವು. ಅವರು ಒಪ್ಪಲಿಲ್ಲ. ನಕ್ಷೆಯನ್ನು ಮೊದಲಿನಿಂದ ಬರೆದೆ.

ಈಗ ಹೊಸ ಮಾದರಿ ಬಂದಾಗಲೆಲ್ಲ ಎರಡು ದಿನ ಹತ್ತಿಸಿ, ಇಳಿಸಿ, ಕೀಲುಗಳಿಗೆ ಎಣ್ಣೆಯ ಕುಂಕುಮ ಹಚ್ಚುತ್ತೇವೆ. ದೊಡ್ಡಮ್ಮನವರಿಗೆ ಸಂತೋಷವೋ ಸಂತೋಷ. ಲ್ಯಾಬಿನ ಸಾಮಾನೂ ತರಿಸಿದ್ದೇವೆ, ಆದರೆ ಅಣ್ಣನಿಗೆ ತಮ್ಮ ವಿಭೂತಿಯೇ ಆಗಬೇಕು. ಹಗರೆಯಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ಕಾಟನ್ ವೇಸ್ಟನ್ನು ನನ್ನ ಕೈಗೆ ಕೊಡುವುದಿಲ್ಲ, ಒರೆಸುವ ಕೆಲಸವೂ ಅವರದೇ, ಪಟ್ಟೆ ಎಳೆಯುವುದೂ ಅವರೇ. ಆಮೇಲೆ ಶಾಪಿನ ಎಲ್ಲ ಯಂತ್ರ ನಿಲ್ಲಿಸಿ, ಅರ್ಧ ಗಂಟೆ ಸುತ್ತಲೂ ನಿಂತು ಬಿಳಿಯನ್ನೇ ನೋಡುತ್ತೇವೆ. ಆ ಅರ್ಧ ಗಂಟೆ ಶಾಪಿನಲ್ಲಿ ಆ ತೋಟದ ಮೌನವೇ ಇರುತ್ತದೆ, ನನ್ನ ಕತ್ತಿನ ಹಿಂದೆ ಇವತ್ತಿಗೂ ಕೂದಲು ನಿಲ್ಲುತ್ತವೆ.

ಪಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂರುವ ಮೊದಲು ಅಣ್ಣ ಪ್ರತಿ ಸಲವೂ ನನ್ನ ಕಡೆ ತಿರುಗುತ್ತಾರೆ. ರೇಗಿಸುವುದಕ್ಕಲ್ಲ, ಅವರಿಗೆ ಅದೂ ಒಂದು ಪದ್ಧತಿಯಾಗಿದೆ.

"ಕೈಲೇನೂ ಇಲ್ವಲ್ಲ ಮೇಡಮ್ಮೋರೇ?"

ಎಲ್ಲರ ಮುಂದೆ ನಾನು ಎರಡೂ ಕೈ ಬಿಚ್ಚಿ ತೋರಿಸುತ್ತೇನೆ.